ಸಹಾಯ ಬೇಕು: ಎಂಟಿಬಿ (ಮೌಂಟನ್ ಬೈಕ್) ಸೈಕಲ್, ಫ್ರೇಮ್ 16 ಇಂಚಾ 18 ಇಂಚಾ?

ನಮಸ್ಕಾರ. ನನ್ನ ಎತ್ತರ 5 ಅಡಿ 5 ಇಂಚು. ಮೂಡಿಗೆರೆ ಕಡೆ ಕಾಫಿ ತೋಟದ ಮಣ್ಣು ದಾರಿಯಲ್ಲಿ ಓಡಿಸಲು ಸೈಕಲ್ ಬೇಕು. ಬಜೆಟ್ 25,000 ರೂಪಾಯಿ.

ಅಂಗಡಿಯವರ ಹತ್ತಿರ 18 ಇಂಚಿನ ಫ್ರೇಮ್ ಮಾತ್ರ ಇದೆ. "ಸೀಟ್ ಇಳಿಸಿದರೆ ಆಯ್ತು ಸಾರ್" ಎನ್ನುತ್ತಾರೆ. ಸೀಟ್ ಇಳಿಸಿದರೆ ಹ್ಯಾಂಡಲ್ ಹತ್ತಿರ ಬರುತ್ತದೆಯೇ? ಕಾಲೂರಿ ನಿಂತರೆ ಮೇಲಿನ ಪೈಪ್ ತೊಡೆಸಂದಿಗೆ ಒತ್ತುತ್ತದೆ. ಎರಡು ಇಂಚಾದರೂ ಜಾಗ ಇರಬೇಕು ಅಲ್ವಾ? ತಿಂಗಳು ಕಾದು 16 ಇಂಚಿನದ್ದೇ ತರಿಸಲೇ?

ಇನ್ನೊಂದು ಗೊಂದಲ. ಇದೇ ದುಡ್ಡಿಗೆ ಒಂದರಲ್ಲಿ ಮುಂದೆ ಸಸ್ಪೆನ್ಷನ್, ತಂತಿ ಎಳೆಯುವ ಡಿಸ್ಕ್ ಬ್ರೇಕ್. ಇನ್ನೊಂದರಲ್ಲಿ ಸಸ್ಪೆನ್ಷನ್ ಇಲ್ಲ, ಹೈಡ್ರಾಲಿಕ್ (ತಂತಿ ಬದಲು ದ್ರವದ ಒತ್ತಡದ) ಡಿಸ್ಕ್ ಬ್ರೇಕ್. ಅಗ್ಗದ ಸಸ್ಪೆನ್ಷನ್ ಸುಮ್ನೆ ಭಾರ ಅನಿಸುತ್ತದೆ. ನಮ್ಮ ಮಳೆಗೆ, ಇಳಿಜಾರಿಗೆ ಬ್ರೇಕೇ ಮುಖ್ಯ. ಹೆಲ್ಮೆಟ್, ಪಂಪಿಗೂ 2,000 ಉಳಿಯಬೇಕು. ಓಡಿಸಿದವರು ಹೇಳಿ.