ಹಳ್ಳಿ ಕ್ರಾಸಿನ ಕತ್ತಲು: ಮನವಿಯನ್ನು ಯಾರಿಗೆ ಕೊಡಬೇಕು?

ಪ್ರಶ್ನೆ (ಆಳಂದ ತಾಲ್ಲೂಕಿನ ಶಿಕ್ಷಕಿ):
ನಮ್ಮ ಊರು ಹೆದ್ದಾರಿಯಿಂದ ಒಳಗಿರುವುದರಿಂದ ಕಲಬುರಗಿಯ ಕೊನೆಯ ಬಸ್ಸು ನಮ್ಮನ್ನು ಕ್ರಾಸಿನಲ್ಲೇ ಇಳಿಸಿ ಮುಂದೆ ಹೋಗುತ್ತದೆ. ಅಲ್ಲಿ ಸೋಲಾರ್ ದೀಪದ ಕಂಬವೇನೋ ಇದೆ. ಆದರೆ ಬ್ಯಾಟರಿ ಕಳುವಾಗಿ, ಬಾಗಿಲು ಕಿತ್ತ ಖಾಲಿ ಪೆಟ್ಟಿಗೆ ಮಾತ್ರ ಉಳಿದಿದೆ. ಕಾಲೇಜಿನಿಂದಲೋ ಆಸ್ಪತ್ರೆಯಿಂದಲೋ ಮರಳುವ ಹೆಣ್ಣುಮಕ್ಕಳು ಮೊಬೈಲ್ ಬೆಳಕಿನಲ್ಲಿ ರಸ್ತೆ ದಾಟುತ್ತಾರೆ. ಪಂಚಾಯಿತಿಯವರು ಹೆದ್ದಾರಿ ತಮ್ಮದಲ್ಲ ಎನ್ನುತ್ತಾರೆ, ರಸ್ತೆಯವರು ಬೀದಿದೀಪ ಪಂಚಾಯಿತಿಗೆ ಸೇರಿದ್ದು ಎನ್ನುತ್ತಾರೆ. ಹೈಮಾಸ್ಟ್ ದೀಪ (ಎತ್ತರದ ಒಂದೇ ಕಂಬದ ತುದಿಯಲ್ಲಿರುವ ಪ್ರಖರ ದೀಪಗಳ ಗುಂಪು) ಕೇಳಬೇಕೆಂದಿದ್ದೇವೆ. ದಯವಿಟ್ಟು ದಾರಿ ತಿಳಿಸಿ.

ಉತ್ತರ 1 (ಮಾಜಿ ಪಂಚಾಯಿತಿ ಸದಸ್ಯ, ಹುಮನಾಬಾದ್):
ಮೇಡಮ್, ಮೊದಲು ಕ್ರಾಸಿನ ಹತ್ತಿರದ ಕಿಲೋಮೀಟರ್ ಕಲ್ಲನ್ನು ನೋಡಿರಿ. ಅದರ ತಲೆ ಹಳದಿಯಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ. ರಾಜ್ಯ ಹೆದ್ದಾರಿಯಾದರೆ ಲೋಕೋಪಯೋಗಿ ಇಲಾಖೆಯ ಕಾರ್ಯಪಾಲಕ ಇಂಜಿನಿಯರರಿಗೆ ಮನವಿ ಕೊಟ್ಟು, ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಅಧ್ಯಕ್ಷರಾಗಿರುವ ಜಿಲ್ಲಾಧಿಕಾರಿಗಳಿಗೂ ಪ್ರತಿ ಸಲ್ಲಿಸಿರಿ. ದೀಪ ಹಾಕಿಸುವುದಕ್ಕಿಂತ ಅದನ್ನು ಉರಿಸಿಕೊಂಡು ಹೋಗುವುದೇ ಕಷ್ಟದ ಕೆಲಸ. ಆದ್ದರಿಂದ ಮೀಟರ್ ಯಾರ ಹೆಸರಿನಲ್ಲಿರಬೇಕು, ಬಿಲ್ಲು ಯಾರು ಕಟ್ಟಬೇಕು, ಕೆಟ್ಟರೆ ದುರಸ್ತಿ ಯಾರದು ಎಂಬುದನ್ನು ಗ್ರಾಮಸಭೆಯ ಠರಾವಿನಲ್ಲಿ ಬರೆಸಿ ಮನವಿಗೆ ಲಗತ್ತಿಸುವುದು ಅಗತ್ಯ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 198ಎ ಕಲಮನ್ನೂ ಉಲ್ಲೇಖಿಸಿರಿ. ರಸ್ತೆಯ ವಿನ್ಯಾಸ ಮತ್ತು ನಿರ್ವಹಣೆಯಲ್ಲಿ ಸುರಕ್ಷತಾ ಮಾನದಂಡ ಪಾಲಿಸದ ಕಾರಣ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ.

ಉತ್ತರ 2 (ಸಿವಿಲ್ ಇಂಜಿನಿಯರ್, ಕಲಬುರಗಿ):
ಹೈಮಾಸ್ಟ್ ಒಂದನ್ನೇ ಕೇಳಬೇಡಿ ಎಂಬುದು ನನ್ನ ಕಳಕಳಿಯ ವಿನಂತಿ. ಗಂಟೆಗೆ 80 ಕಿ.ಮೀ. ವೇಗದ ವಾಹನ ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಚಾಲಕನು ಅಡ್ಡಿಯನ್ನು ಕಂಡು, ಬ್ರೇಕ್ ಒತ್ತಿ, ವಾಹನವನ್ನು ನಿಲ್ಲಿಸಲು ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಲೆಕ್ಕದಂತೆ 120 ಮೀಟರ್ ಬೇಕು. ಡಿಮ್ ಮಾಡಿದ ಹೆಡ್‌ಲೈಟಿನಲ್ಲಿ, ಕಪ್ಪು ಬಟ್ಟೆ ತೊಟ್ಟು ನಡೆಯುವವರು ಅದರ ಅರ್ಧ ದೂರದಲ್ಲಿಯೂ ಸರಿಯಾಗಿ ಕಾಣುವುದಿಲ್ಲ. ಹೀಗಿರುವಾಗ ನಡುವಿನಲ್ಲಷ್ಟೇ ಪ್ರಖರ ಬೆಳಕಿದ್ದರೆ, ಅದನ್ನು ದಾಟಿ ಕತ್ತಲೆಗೆ ಹೋದ ಚಾಲಕನ ಕಣ್ಣು ಹೊಂದಿಕೊಳ್ಳಲು ಸಮಯ ಹಿಡಿಯುತ್ತದೆ, ಅಪಾಯ ಸ್ವಲ್ಪ ಮುಂದಕ್ಕೆ ಸರಿದಂತಾಗುತ್ತದೆ. ಕ್ರಾಸಿಗೆ ಬರುವ ಎಲ್ಲ ರಸ್ತೆಗಳ ಬದಿಯಲ್ಲೂ ಒಂದಷ್ಟು ದೂರದವರೆಗೆ ಸಾಧಾರಣ ಎಲ್ಇಡಿ ದೀಪಗಳ ಸಾಲನ್ನು, ಜನ ಇಳಿಯುವ ಜಾಗಕ್ಕೆ ಪ್ರತ್ಯೇಕ ದೀಪವನ್ನು ಕೇಳಿರಿ.

ಉತ್ತರ 3 (ರೈತ, ಅಫಜಲಪುರ):
ಮಂಜೂರಾತಿ ಬರುವವರೆಗೆ ಕಾಯಬೇಡಿ. ತಿರುವಿನಲ್ಲಿ ಬೆಳೆದ ಜಾಲಿ ಕಡಿಸಿ, ಒಳರಸ್ತೆ ಹೆದ್ದಾರಿಗೆ ಸೇರುವಲ್ಲಿ ಹಂಪ್ ಹಾಕಿಸಿರಿ. ಕಬ್ಬಿನ ಹಂಗಾಮಿನಲ್ಲಿ ಟ್ರೇಲರಿನ ಹಿಂದಿನ ದೀಪ ಜೋತುಬಿದ್ದ ಕಬ್ಬಿನ ಮರೆಯಲ್ಲಿ ಮುಚ್ಚಿಹೋಗುತ್ತದೆ. ನಮ್ಮ ಕಡೆ ಹೇರು ಕಟ್ಟಿದ ಮೇಲೆ, ಹೊರಗೆ ಕಾಣುವಂತೆ ಕೆಂಪು ರೇಡಿಯಂ ಪಟ್ಟಿಯ ಹಲಗೆಯೊಂದನ್ನು ಹಗ್ಗದಿಂದ ಬಿಗಿಯುತ್ತೇವೆ. ಕಾರ್ಖಾನೆಯವರು ಹಲಗೆಯಿಲ್ಲದ ಟ್ರೇಲರನ್ನು ಗೇಟಿನಲ್ಲೇ ತಡೆಯಬೇಕೆಂದು ನಿಮ್ಮ ಮನವಿಯಲ್ಲಿ ಸೇರಿಸಿದರೆ ನಾವೂ ಸಹಿ ಹಾಕುತ್ತೇವೆ.