ಸಹಾಯ ಬೇಕು: ಬಿಳಿ ಹಾಟ್ ಚಾಕೊಲೇಟ್ ಕೆನೆಯಂತೆ ಬರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಮಡಿಕೇರಿಯ ಡಿಸೆಂಬರ್ ಚಳಿಗೆ ಸಂಜೆ ಮಕ್ಕಳಿಗೆಂದು ಬಿಳಿ ಹಾಟ್ ಚಾಕೊಲೇಟ್ ಮಾಡಲು ಮೂರು ಬಾರಿ ಪ್ರಯತ್ನಿಸಿದೆನಾದರೂ, ಪ್ರತಿ ಬಾರಿಯೂ ಲೋಟದ ಮೇಲೆ ಜಿಡ್ಡಿನ ಪದರ ತೇಲಿ, ತಳದಲ್ಲಿ ಸಣ್ಣ ಗಂಟುಗಳು ಉಳಿದವು. 500 ಮಿ.ಲೀ. ಗಟ್ಟಿ ಹಾಲನ್ನು ಕುದಿಸಿ, ಒಲೆ ಆರಿಸದೆಯೇ 100 ಗ್ರಾಂ ಬಿಳಿ ಚಾಕೊಲೇಟ್ ತುಂಡುಗಳನ್ನು ಹಾಕಿ ಕಲಕಿದ್ದೆ. ಸಾಮಾನ್ಯವಾಗಿ ಬಿಳಿ ಚಾಕೊಲೇಟಿನಲ್ಲಿ ಕೋಕೋ ಪುಡಿಯಿಲ್ಲದೆ ಕೋಕೋ ಬೆಣ್ಣೆ, ಹಾಲಿನ ಪುಡಿ ಮತ್ತು ಸಕ್ಕರೆಯೇ ಮುಖ್ಯವಾಗಿರುವುದರಿಂದ ಹೆಚ್ಚು ಶಾಖವನ್ನು ತಾಳುವುದಿಲ್ಲವೆಂದು ತಿಳಿದಿದ್ದೂ ಆತುರಪಟ್ಟದ್ದು ನನ್ನದೇ ತಪ್ಪು. ಆದರೆ ನನಗೆ ಹೆಚ್ಚಿನ ಅನುಮಾನವಿರುವುದು ಚಾಕೊಲೇಟಿನ ಮೇಲೆಯೇ: ಪೊಟ್ಟಣದ ಮೇಲೆ ‘ಕಾಂಪೌಂಡ್’ ಎಂದು ಬರೆದಿದ್ದು, ಪದಾರ್ಥಗಳ ಪಟ್ಟಿಯಲ್ಲಿ ಕೋಕೋ ಬೆಣ್ಣೆಯ ಬದಲು ಸಸ್ಯಜನ್ಯ ಕೊಬ್ಬು ಕಾಣಿಸುತ್ತದೆ.

ಅಸಲಿ ಕೋಕೋ ಬೆಣ್ಣೆಯಿರುವ ಚಾಕೊಲೇಟನ್ನು ಹೆರೆದು, ಒಲೆಯಿಂದ ಇಳಿಸಿದ ಹಾಲಿಗೆ ಸ್ವಲ್ಪಸ್ವಲ್ಪವಾಗಿ ಸೇರಿಸಿದರೆ ಜಿಡ್ಡು ಬೇರ್ಪಡುವುದು ನಿಲ್ಲುತ್ತದೆಯೇ? ಈ ಅಳತೆಗೆ ಒಂದು ಚಮಚ ಕಾರ್ನ್‌ಫ್ಲೋರನ್ನು ತಣ್ಣನೆಯ ಹಾಲಿನಲ್ಲಿ ಕದಡಿ ಮೊದಲೇ ಕುದಿಸಿಕೊಳ್ಳುವುದು ಸರಿಯೇ, ಅಥವಾ ಫ್ರೆಶ್ ಕ್ರೀಮ್ ಬೆರೆಸುವುದು ಒಳ್ಳೆಯದೇ? ಕಾರ್ನ್‌ಫ್ಲೋರಿನಿಂದ ಪಾಯಸದ ರುಚಿ ಬಂದೀತೆಂಬ ಅಳುಕಿದೆ. ಸಿಹಿ ಈಗಲೇ ಅತಿಯಾಗಿದ್ದು, ನಾನು ಸಕ್ಕರೆಯನ್ನು ಹಾಕಿಯೇ ಇಲ್ಲ. ಅದನ್ನು ತಗ್ಗಿಸಲು ಚಿಟಿಕೆ ಉಪ್ಪು ಸಾಕೇ? ಮನೆಯಲ್ಲಿ ಮಾಡಿ ನೋಡಿದವರು ದಯವಿಟ್ಟು ಅಳತೆಯೊಂದಿಗೆ ತಿಳಿಸಿಕೊಡಬೇಕಾಗಿ ವಿನಂತಿ.