ಜರ್ಮನಿಯಿಂದ ಪಿಟೀಲು ತಂತಿ ತರಿಸಿದೆ, ಕೊರಿಯರ್‌ನವರು ಮತ್ತೆ ದುಡ್ಡು ಕೇಳುತ್ತಿದ್ದಾರೆ: ಕಟ್ಟಬೇಕಾ?

ಶಿವಮೊಗ್ಗದಿಂದ ಕೇಳಿದ್ದು:

ಮಗಳು ಏಳು ವರ್ಷದಿಂದ ಪಿಟೀಲು ಕಲಿಯುತ್ತಿದ್ದಾಳೆ. ಮೇಷ್ಟ್ರು ಹೇಳಿದ ತಂತಿ ಇಲ್ಲಿ ಎಲ್ಲೂ ಸಿಗಲಿಲ್ಲ. ಕೊನೆಗೆ ಜರ್ಮನಿಯ ಒಂದು ಆನ್‌ಲೈನ್ ಅಂಗಡಿಯಲ್ಲಿ ಎರಡು ಸೆಟ್ ತಂತಿ, ಪಿಟೀಲನ್ನು ಹೆಗಲ ಮೇಲೆ ಕೂರಿಸುವ ಆಸರೆ, ಅಂದರೆ ಒಂದು ಶೋಲ್ಡರ್ ರೆಸ್ಟ್ ಆರ್ಡರ್ ಮಾಡಿದೆ. ಸಾಮಾನಿಗೆ 118 ಯೂರೋ, ಕಳಿಸುವ ಖರ್ಚು 24 ಯೂರೋ, ಎಲ್ಲ ಕಾರ್ಡಿನಲ್ಲೇ ಕಟ್ಟಿದ್ದೇನೆ. ನಿನ್ನೆ ಕೊರಿಯರ್ ಹೆಸರಿನಲ್ಲಿ ಮೆಸೇಜ್ ಬಂತು: ಆಧಾರ್ ಅಪ್‌ಲೋಡ್ ಮಾಡಿ, 5,865 ರೂಪಾಯಿ ಕಟ್ಟಿ, ಇಲ್ಲದಿದ್ದರೆ ಪಾರ್ಸೆಲ್ ವಾಪಸ್ ಹೋಗುತ್ತದೆ ಅಂತ. ಇದು ನಿಜವಾ, ಮೋಸವಾ? ಸಾಗಣೆ ದುಡ್ಡು ಕೊಟ್ಟಾದ ಮೇಲೆ ಇದು ಯಾವ ಲೆಕ್ಕ? ಮುಂದಿನ ಸಲ ಹೇಗೆ ತರಿಸಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ.

ಮೈಸೂರಿನಿಂದ:

ಸರ್, ನಾನು ಪಿಟೀಲು ಪಾಠ ಹೇಳುವವಳು. ಹತ್ತು ವರ್ಷಗಳಿಂದ ತಂತಿ, ಪಿಟೀಲು ನುಡಿಸುವ ಕಮಾನಿನ ಕೂದಲು, ಅದಕ್ಕೆ ಹಚ್ಚುವ ರಾಳ ಅಂತ ಹೊರಗಿನಿಂದ ತರಿಸುತ್ತಲೇ ಇದ್ದೇನೆ. ನಿಮ್ಮ ಮೆಸೇಜ್ ಓದಿದಾಗ ನನ್ನ ಮೊದಲ ಪಾರ್ಸೆಲ್ ನೆನಪಾಯಿತು, ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಮೋಸದ ವಿಷಯ. ಮೆಸೇಜಿನಲ್ಲಿರುವ ಲಿಂಕ್ ಒತ್ತಬೇಡಿ. ಅಂಗಡಿಯವರು ನಿಮಗೆ ಇಮೇಲ್‌ನಲ್ಲಿ ಕಳಿಸಿದ ಟ್ರ್ಯಾಕಿಂಗ್ ನಂಬರ್ ಇದೆಯಲ್ಲ, ಅದನ್ನು ಕೊರಿಯರ್ ಕಂಪನಿಯ ವೆಬ್‌ಸೈಟಿಗೆ ನೀವೇ ಹೋಗಿ ಹಾಕಿ. ಅಲ್ಲಿಯೂ ಸುಂಕ ಬಾಕಿ, ಕೆವೈಸಿ ಬಾಕಿ ಅಂತ ತೋರಿಸಿದರೆ ಕೇಳುತ್ತಿರುವುದು ನಿಜ. ಕೊರಿಯರ್‌ನಲ್ಲಿ ಬರುವ ಪಾರ್ಸೆಲ್ ಬಿಡಿಸಲು ಕಸ್ಟಮ್ಸ್‌ಗೆ ಗುರುತಿನ ದಾಖಲೆ ಬೇಕೇ ಬೇಕು, ಆದ್ದರಿಂದ ಆಧಾರ್ ಕೇಳಿದ್ದಕ್ಕೆ ಗಾಬರಿಯಾಗಬೇಡಿ. ಆದರೆ ‘ನಾನು ಕಸ್ಟಮ್ಸ್ ಆಫೀಸರ್’ ಅಂತ ಯಾರಾದರೂ ಫೋನ್ ಮಾಡಿ ಸ್ವಂತ ಖಾತೆಗೋ ಯುಪಿಐಗೋ ಹಾಕಿ ಅಂದರೆ ಅದು ಖಂಡಿತ ಮೋಸ. ಕಸ್ಟಮ್ಸ್‌ನ ಪತ್ರದ ಮೇಲೆ ಡಿನ್ ಅಂತ ಒಂದು ಸಂಖ್ಯೆ ಇರುತ್ತದೆ, ಅದನ್ನು ಸಿಬಿಐಸಿ, ಅಂದರೆ ಕೇಂದ್ರ ಪರೋಕ್ಷ ತೆರಿಗೆ ಮತ್ತು ಕಸ್ಟಮ್ಸ್ ಮಂಡಳಿಯ ವೆಬ್‌ಸೈಟಿನಲ್ಲಿ ಪರೀಕ್ಷಿಸಬಹುದು. ಅಕಸ್ಮಾತ್ ದುಡ್ಡು ಹೋಗಿಯೇಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇನ್ನು ‘ಸಾಗಣೆ ದುಡ್ಡು ಕೊಟ್ಟಾದ ಮೇಲೆ ಇದು ಯಾವ ಲೆಕ್ಕ’ ಅಂದಿರಿ. ನನಗೂ ಮೊದಲು ಅದೇ ಅರ್ಥವಾಗಿರಲಿಲ್ಲ. ನೀವು ಕೊಟ್ಟ 24 ಯೂರೋ ಪೆಟ್ಟಿಗೆಯನ್ನು ಅಲ್ಲಿಂದ ಇಲ್ಲಿಗೆ ತರಲು ಮಾತ್ರ. ದೇಶದೊಳಗೆ ಬಿಡಲು ಸರ್ಕಾರಕ್ಕೆ ಕಟ್ಟುವ ಸುಂಕ ಬೇರೆ. ಆ ಸುಂಕವನ್ನು ನಿಮ್ಮ ಪರವಾಗಿ ಕೊರಿಯರ್‌ನವರು ಮುಂಚೆ ಕಟ್ಟಿ, ಆಮೇಲೆ ನಿಮ್ಮಿಂದ ವಸೂಲು ಮಾಡುತ್ತಾರೆ. ಹಾಗೆ ಕಟ್ಟಿದ್ದಕ್ಕೆ ಅವರದೇ ಒಂದು ಶುಲ್ಕ, ಅದರ ಮೇಲೆ ಮತ್ತೆ ಜಿಎಸ್‌ಟಿ.

2019ರ ನನ್ನ ಪಾರ್ಸೆಲ್ಲಿನ ಬಿಲ್ಲು ಈಗಲೂ ಹಳೆಯ ಪುಸ್ತಕದೊಳಗೆ ಇದೆ, ಅದನ್ನೇ ಮುಂದಿಟ್ಟುಕೊಂಡು ಬರೆಯುತ್ತೇನೆ. ತಂತಿಗೆ 7,000, ಸಾಗಣೆಗೆ 2,000. ಸುಂಕವನ್ನು 7,000ದ ಮೇಲೆ ಹಾಕುವುದಿಲ್ಲ, ಸಾಗಣೆಯೂ ಸೇರಿ 9,000ದ ಮೇಲೆ ಹಾಕುತ್ತಾರೆ. ಮೂಲ ಸುಂಕ ಆಗ ಶೇಕಡ 10, ಅಂದರೆ 900. ಆ 900ರ ಮೇಲೆ ಶೇಕಡ 10 ಸಮಾಜ ಕಲ್ಯಾಣ ಮೇಲ್ತೆರಿಗೆ, 90. ಎಲ್ಲ ಸೇರಿ 9,990. ಅದರ ಮೇಲೆ ಐಜಿಎಸ್‌ಟಿ, ಅಂದರೆ ಹೊರಗಿನಿಂದ ಬರುವ ಸಾಮಾನಿಗೆ ಹಾಕುವ ಜಿಎಸ್‌ಟಿ, ಶೇಕಡ 28, ಅಂದರೆ 2,797. ಒಟ್ಟು ಸುಂಕ 3,787. ಕೆಳಗೆ ಸಣ್ಣ ಅಕ್ಷರದಲ್ಲಿ ಕೊರಿಯರ್‌ನವರ ಶುಲ್ಕ 600, ಅದಕ್ಕೆ ಜಿಎಸ್‌ಟಿ 108. ಏಳು ಸಾವಿರದ ತಂತಿ ಕೈಗೆ ಬರುವಷ್ಟರಲ್ಲಿ ಹದಿಮೂರು ಸಾವಿರದ ಐನೂರು ಆಗಿತ್ತು. ಆ ದರಗಳು ಆಮೇಲೆ ಏರಿವೆ, ಇಳಿದಿವೆ, ಬಜೆಟ್ ಬಂದಾಗ ಮತ್ತೆ ನೋಡಿಕೊಳ್ಳಬೇಕು. ಆದರೆ ಲೆಕ್ಕ ಹಾಕುವ ಕ್ರಮ ಇದೇ, ಒಂದರ ಮೇಲೊಂದು.

ಸುಂಕವನ್ನು ತಪ್ಪಿಸಲಾಗುವುದಿಲ್ಲ, ತಪ್ಪಿಸಲೂಬಾರದು. ನಾವು ಕಡಿಮೆ ಮಾಡಿಕೊಳ್ಳಬಹುದಾದದ್ದು ಕೊರಿಯರ್‌ನವರ ಆ ಸಣ್ಣ ಅಕ್ಷರದ ಸಾಲುಗಳನ್ನು. ಅದಕ್ಕೆ ಆರ್ಡರ್ ಒತ್ತುವ ಮೊದಲೇ ಅಂಗಡಿಯವರಿಗೆ ಇಮೇಲ್ ಬರೆದು ಎರಡು ಮಾತು ಕೇಳಿ: ಯಾವ ಕೈಯಲ್ಲಿ ಕಳಿಸುತ್ತೀರಿ, ಅಂಚೆಯೋ ಕೊರಿಯರ್ರೋ? ಸುಂಕ ಯಾರು ಕಟ್ಟುವುದು, ನೀವೋ ನಾನೋ? ಉತ್ತರದಲ್ಲಿ ಎರಡರಲ್ಲೊಂದು ಪದ ಇರುತ್ತದೆ. ಡಿಡಿಪಿ ಅಂದರೆ ಸುಂಕ ಮೊದಲೇ ಕಟ್ಟಿಸಿಕೊಂಡಿದ್ದಾರೆ, ಬಾಗಿಲಲ್ಲಿ ಏನೂ ಕೊಡಬೇಕಾಗಿಲ್ಲ. ಡಿಎಪಿ ಅಂದರೆ ಬಾಗಿಲವರೆಗೆ ತರುವುದು ಅವರದು, ಸುಂಕ ನಿಮ್ಮದು. ಹೆಚ್ಚಿನ ಅಂಗಡಿಗಳು ಕಳಿಸುವುದು ಎರಡನೆಯ ರೀತಿಯಲ್ಲೇ.

ತಂತಿಯಂಥ ಹಗುರ ಸಾಮಾನಿಗೆ ನಾನು ಯಾವಾಗಲೂ ರಿಜಿಸ್ಟರ್ಡ್ ಅಂಚೆಯನ್ನೇ ಕೇಳುತ್ತೇನೆ. ಅಂಚೆಯ ನಂಬರ್ ನೋಡಿದರೇ ಗೊತ್ತಾಗುತ್ತದೆ: ಒಟ್ಟು 13 ಅಕ್ಷರ, ಮುಂದೆ ಎರಡು ಇಂಗ್ಲಿಷ್ ಅಕ್ಷರ, ನಡುವೆ ಒಂಬತ್ತು ಅಂಕಿ, ಕೊನೆಯ ಎರಡು ಅಕ್ಷರ ಕಳಿಸಿದ ದೇಶದ್ದು. ಜರ್ಮನಿಯಾದರೆ ಡಿಇ. ಅದೇ ನಂಬರ್ ಇಲ್ಲಿ ನಮ್ಮ ಅಂಚೆ ಇಲಾಖೆಯ ವೆಬ್‌ಸೈಟಿನಲ್ಲೂ ನಡೆಯುತ್ತದೆ. ಪೋಸ್ಟ್‌ಮ್ಯಾನ್ ಸುಂಕದ ಚೀಟಿ ಸಮೇತ ತರುತ್ತಾರೆ, ಬಾಗಿಲಲ್ಲೇ ಕಟ್ಟಿ ಸಹಿ ಹಾಕಿದರೆ ಮುಗಿಯಿತು. ಕೊರಿಯರ್‌ಗೆ ಹೋಲಿಸಿದರೆ ಅಂಚೆಯ ಸ್ವಂತ ಶುಲ್ಕ ಸಣ್ಣದು. ತಡವಾಗುವುದು ನಿಜ. ನನಗೆ ಒಮ್ಮೆ ಏಳು ವಾರ ಹಿಡಿಯಿತು. ಆ ಲಕೋಟೆ ಕಣ್ಣಿಗೆ ಕಟ್ಟಿದ ಹಾಗಿದೆ: ಒಂದು ಅಂಚು ಕತ್ತರಿಸಿ, ಮತ್ತೆ ಟೇಪು ಸುತ್ತಿದ್ದರು, ಹಸಿರು ಚೀಟಿಯ ಮೇಲೆ ಯಾರೋ ಬಾಲ್ ಪೆನ್ನಿನಲ್ಲಿ ಬೆಲೆಯ ಸುತ್ತ ವೃತ್ತ ಎಳೆದಿದ್ದರು. ಒಳಗೆ ನಾಲ್ಕು ತಂತಿಯೂ ಸುರುಳಿ ಬಿಚ್ಚದೆ ಹಾಗೇ ಇದ್ದವು. ಸಂಗೀತ ಕಛೇರಿಯ ದಿನ ಹತ್ತಿರವಿದ್ದರೆ ಅಂಚೆ ನೆಚ್ಚಿಕೊಳ್ಳಬೇಡಿ, ಆಗ ಕೊರಿಯರ್‌ಗೆ ಕೊಡುವ ದುಡ್ಡು ದಂಡವಲ್ಲ.

ಇನ್ನೊಂದು ಮುಖ್ಯವಾದದ್ದು, ಇದನ್ನು ಬಹಳ ಜನ ನೋಡುವುದೇ ಇಲ್ಲ. ಜರ್ಮನಿಯಲ್ಲಿ ಇಂಥ ಸಾಮಾನಿನ ಬೆಲೆಯೊಳಗೇ ಶೇಕಡ 19 ವ್ಯಾಟ್, ನಮ್ಮ ಜಿಎಸ್‌ಟಿಯಂಥ ತೆರಿಗೆ, ಸೇರಿರುತ್ತದೆ. ದೇಶದಿಂದ ಹೊರಗೆ ಕಳಿಸುವ ಸಾಮಾನಿಗೆ ಆ ತೆರಿಗೆ ಇಲ್ಲ. ವಿಳಾಸದಲ್ಲಿ ಭಾರತ ಅಂತ ಆರಿಸಿದ ಕೂಡಲೇ ಒಳ್ಳೆಯ ಅಂಗಡಿಗಳಲ್ಲಿ ಬೆಲೆ ತಾನಾಗಿ ಇಳಿಯುತ್ತದೆ. ನಿಮ್ಮ ಇನ್ವಾಯ್ಸ್ ತೆಗೆದು ನೋಡಿ. ನೀವು ಕೊಟ್ಟ 118ರಲ್ಲಿ ವ್ಯಾಟ್ ಸೇರಿದ್ದರೆ ಸುಮಾರು 19 ಯೂರೋ ನಿಮಗೆ ವಾಪಸ್ ಬರಬೇಕಾದ ದುಡ್ಡು. ಮರ್ಯಾದೆಯಿಂದ ಬರೆದು ಕೇಳಿ, ನನಗೆ ಎರಡು ಸಲ ಕೊಟ್ಟಿದ್ದಾರೆ.

ಮಾಡಬಾರದ್ದು ಒಂದಿದೆ. ‘ಗಿಫ್ಟ್ ಅಂತ ಬರೆದು ಕಳಿಸಿ’ ಅಂತ ಅಂಗಡಿಯವರಿಗೆ ಹೇಳಬೇಡಿ. ಮೊದಲು 5,000 ರೂಪಾಯಿಯವರೆಗಿನ ಉಡುಗೊರೆಗೆ ಸುಂಕವಿರಲಿಲ್ಲ, ಆ ರಿಯಾಯಿತಿಯನ್ನು 2019ರ ಡಿಸೆಂಬರ್‌ನಲ್ಲೇ ತೆಗೆದರು. ಜೀವ ಉಳಿಸುವ ಔಷಧಿ, ರಾಖಿ, ಇವೆರಡನ್ನು ಬಿಟ್ಟರು, ಅಷ್ಟೇ. ಬೆಲೆ ಕಡಿಮೆ ತೋರಿಸಿದ ಪಾರ್ಸೆಲ್ ಕಳೆದುಹೋದರೆ ವಿಮೆಯಲ್ಲಿ ಬರುವುದೂ ಆ ಕಡಿಮೆ ಬೆಲೆಯೇ.

ನನ್ನಿಂದಲೂ ಒಂದು ತಪ್ಪಾಗಿತ್ತು. ಆರು ಜನ ಶಿಷ್ಯರ ತಂತಿಯನ್ನು ಒಟ್ಟಿಗೆ ತರಿಸಿದರೆ ಸಾಗಣೆ ಉಳಿಯುತ್ತದೆ ಅಂತ ಒಂದೇ ಹೆಸರಿನಲ್ಲಿ ಹನ್ನೆರಡು ಸೆಟ್ ಆರ್ಡರ್ ಮಾಡಿದೆ. ಇದು ಸ್ವಂತ ಬಳಕೆಯಲ್ಲ, ವ್ಯಾಪಾರಕ್ಕೆ ಅಂತ ತಡೆದು ಐಇಸಿ ಸಂಖ್ಯೆ ಕೇಳಿದರು. ಅದು ಮಾರಾಟಕ್ಕೆ ತರಿಸುವವರು ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದಿಂದ ಪಡೆಯುವ ಸಂಖ್ಯೆ. ನನ್ನ ಹತ್ತಿರ ಎಲ್ಲಿಂದ ಬರಬೇಕು? ಮಕ್ಕಳ ಹೆಸರು, ಪಾಠದ ರಸೀತಿ ಎಲ್ಲ ಕೊಟ್ಟು ಬಿಡಿಸಿಕೊಳ್ಳುವಷ್ಟರಲ್ಲಿ ಹದಿನೆಂಟು ದಿನ. ಅಂದಿನಿಂದ ಎರಡು ಸೆಟ್‌ಗಿಂತ ಹೆಚ್ಚು ತರಿಸುವುದಿಲ್ಲ.

ಈಗ ನಿಮ್ಮ 5,865ರ ವಿಷಯ. ಕಟ್ಟುವ ಮೊದಲು ಬಿಡಿ ಬಿಡಿಯಾಗಿ ಬಿಲ್ಲು ಕೇಳಿ. ಸರ್ಕಾರದ ಸುಂಕಕ್ಕೆ ಬಿಲ್ ಆಫ್ ಎಂಟ್ರಿ ಅಂತ ಕಾಗದ ಇರುತ್ತದೆ, ಅದರ ಪ್ರತಿ ಕೊಡಿ ಅನ್ನಿ. ಅದರಲ್ಲಿಲ್ಲದ ಪ್ರತಿಯೊಂದು ಸಾಲೂ ಕೊರಿಯರ್‌ನವರದು, ಅದು ಯಾಕೆ ಅಂತ ಕೇಳುವ ಹಕ್ಕು ನಿಮಗಿದೆ. ಸುಮ್ಮನೆ ಬಿಟ್ಟುಬಿಡಬೇಡಿ, ದಿನ ಕಳೆದಂತೆ ಗೋದಾಮಿನ ಬಾಡಿಗೆ ಸೇರಿಕೊಳ್ಳುತ್ತದೆ.

ಹುಬ್ಬಳ್ಳಿಯಿಂದ:

ಮೇಡಂ ಭಾಳ ಚಲೋ ಬರದಾರ. ನಂದು ಕ್ಯಾಮೆರಾ ರಿಪೇರಿ ಕೆಲಸ ರೀ, ಜಪಾನಿನಿಂದ ಬಿಡಿ ಭಾಗ ತರಸ್ತೀನಿ. ಒಂದು ಮಾತು ಸೇರಸ್ತೀನಿ. ಕೊರಿಯರ್‌ನವರು ತಕ್ಕಡಿ ತೂಕ ಅಷ್ಟ ನೋಡೂದಿಲ್ಲ, ಪೆಟಿಗಿ ಎಷ್ಟು ಜಾಗಾ ಹಿಡೀತದ ಅನ್ನೂದನ್ನೂ ನೋಡ್ತಾರ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನ್ಯಾಗ ಗುಣಿಸಿ 5,000ದಿಂದ ಭಾಗಿಸ್ತಾರ. 40, 30, 20ರ ಪೆಟಿಗಿ ಅಂದ್ರ 24,000, ಭಾಗಿಸಿದ್ರ 4.8 ಕಿಲೋ. ಒಳಗ ಇರೋದು ಮುನ್ನೂರು ಗ್ರಾಂ ಲೆನ್ಸ್ ಆದ್ರೂ ರೊಕ್ಕ 4.8 ಕಿಲೋದ್ದು. ಮ್ಯಾಲ ಆ ಸಾಗಣೆ ಖರ್ಚಿನ ಮ್ಯಾಲೂ ಸುಂಕ ಬೀಳ್ತದ. ಹಿಂಗಾಗಿ ಅಂಗಡಿಯವರಿಗೆ ‘ಸಣ್ಣ ಪೆಟಿಗ್ಯಾಗ ಹಾಕ್ರಿ’ ಅಂತ ಬರದು ಹೇಳ್ರಿ ಸರ್ರ, ಕೇಳ್ತಾರ. ಶೋಲ್ಡರ್ ರೆಸ್ಟ್ ಇಲ್ಲೇ ಬೆಂಗಳೂರಿನ್ಯಾಗ ಸಿಗತಿದ್ರ ಅದನ್ನ ಇಲ್ಲೇ ತಗೊಂಡು, ತಂತಿ ಅಷ್ಟ ಲಕೋಟ್ಯಾಗ ತರಸ್ರಿ. ಕಾರ್ಡಿನ ಬಿಲ್ಲೂ ಒಮ್ಮೆ ನೋಡ್ರಿ, ವಿದೇಶಿ ಹಣದ ವಹಿವಾಟಿಗೆ ಬ್ಯಾಂಕಿನವರು ಬ್ಯಾರೆ ಹಿಡೀತಾರ.

ಮ್ಯಾಂಚೆಸ್ಟರ್‌ನಿಂದ:

ಇದು ಆ ಕಡೆಯಿಂದ ತರಿಸುವವರಿಗೆ ಮಾತ್ರ ಅಲ್ಲ, ಊರಿನಿಂದ ನಮಗೆ ಕಳಿಸುವವರಿಗೂ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ. ಹಬ್ಬಕ್ಕೆ ಅಂತ ಅಮ್ಮ ಇಳಕಲ್ ಸೀರೆ ಕಳಿಸಿದ್ದರು. ಮನೆಗೆ ಬಂದದ್ದು ಸೀರೆಯಲ್ಲ, ಒಂದು ಕಾರ್ಡು: ಶೇಕಡ 20 ವ್ಯಾಟ್, ಅದರ ಜೊತೆ ಅಂಚೆಯವರ ನಿರ್ವಹಣೆ ಶುಲ್ಕ 8 ಪೌಂಡ್, ಕಟ್ಟಿದ ಮೇಲೆ ಕೊಡುತ್ತೇವೆ ಅಂತ. ಇಲ್ಲಿ ಉಡುಗೊರೆಗೆ ವ್ಯಾಟ್ ಇಲ್ಲದ ಮಿತಿ 39 ಪೌಂಡ್ ಅಷ್ಟೇ. ಅಮ್ಮ ಚೀಟಿಯಲ್ಲಿ ನಿಜವಾದ ಬೆಲೆ ಬರೆದಿದ್ದರು, ಅದು ಸರಿಯೇ. ಬೇಜಾರಾದದ್ದು ಅವರಿಗೆ. ‘ನಾನು ಕಳಿಸಿದ್ದಕ್ಕೆ ನೀನು ದುಡ್ಡು ಕೊಡುವ ಹಾಗಾಯಿತಲ್ಲ’ ಅಂತ ಫೋನಿನಲ್ಲಿ ಎರಡು ದಿನ ಅದನ್ನೇ ಹೇಳಿದರು. ಹೀಗಾಗುತ್ತದೆ ಅಂತ ಕಳಿಸುವವರಿಗೆ ಮೊದಲೇ ಹೇಳಿಟ್ಟುಬಿಡಿ.

ಅಮೆರಿಕದಲ್ಲಿರುವ ನನ್ನ ತಮ್ಮನ ಕಥೆ ಇನ್ನೂ ಬೇರೆ. ಅಲ್ಲಿ 800 ಡಾಲರ್‌ವರೆಗಿನ ಸಾಮಾನಿಗೆ ಸುಂಕ ಇರಲಿಲ್ಲ, 2025ರ ಆಗಸ್ಟ್ 29ರಿಂದ ಅದನ್ನು ತೆಗೆದರು. ಆ ಹೊತ್ತಿನಲ್ಲಿ ನಮ್ಮ ಅಂಚೆ ಇಲಾಖೆಯೂ ಅಮೆರಿಕಕ್ಕೆ ಪಾರ್ಸೆಲ್ ತೆಗೆದುಕೊಳ್ಳುವುದನ್ನು ನಿಲ್ಲಿಸಿ, ಅಕ್ಟೋಬರ್‌ನಲ್ಲಿ ಮತ್ತೆ ಶುರುಮಾಡಿತು. ಹಳೆಯ ಅನುಭವ ನಂಬಿಕೊಂಡು ಈಗ ಕಳಿಸಬೇಡಿ, ಅಂಚೆ ಕಚೇರಿಯಲ್ಲಿ ಆವತ್ತಿನ ನಿಯಮ ಕೇಳಿಕೊಂಡೇ ಕಳಿಸಿ.

ಶಿವಮೊಗ್ಗದಿಂದ, ಆರು ದಿನದ ಮೇಲೆ:

ಎಲ್ಲರಿಗೂ ಕೈಮುಗಿದೆ. ಟ್ರ್ಯಾಕಿಂಗ್ ನಂಬರ್ ನಾನೇ ಹಾಕಿ ನೋಡಿದೆ, ಕೇಳಿದ್ದು ನಿಜವೇ ಆಗಿತ್ತು. ಬಿಲ್ಲು ಬಿಡಿಸಿ ಕೊಡಿ ಅಂತ ಮೂರು ಸಲ ಬರೆದ ಮೇಲೆ ಕಳಿಸಿದರು. ಸುಂಕ, ಐಜಿಎಸ್‌ಟಿ ಎಲ್ಲ ಸೇರಿ 4,390. ಸುಂಕ ಮುಂಗಡ ಕಟ್ಟಿದ್ದಕ್ಕೆ ಅವರ ಶುಲ್ಕ 750, ಅದಕ್ಕೆ ಜಿಎಸ್‌ಟಿ 135. ಕೊನೆಯಲ್ಲಿ ಗೋದಾಮು ಬಾಡಿಗೆ 500, ಜಿಎಸ್‌ಟಿ 90. ‘ಪಾರ್ಸೆಲ್ ಬಂದ ಮಾರನೆಯ ದಿನವೇ ನನಗೆ ಮೆಸೇಜ್ ಹಾಕಿದ್ದೀರಿ, ಬಾಡಿಗೆ ಯಾವ ದಿನದ್ದು’ ಅಂತ ತಾರೀಖು ಸಮೇತ ಕೇಳಿದೆ. ಉತ್ತರ ಬರಲಿಲ್ಲ, ಆದರೆ ಹೊಸ ಬಿಲ್ಲು ಬಂತು, 5,275ಕ್ಕೆ. ಕಟ್ಟಿದೆ. ಜರ್ಮನಿಯ ಅಂಗಡಿಯವರಿಗೂ ಮೈಸೂರಿನ ಮೇಡಂ ಹೇಳಿದ ಹಾಗೆ ವ್ಯಾಟ್ ಬಗ್ಗೆ ಬರೆದಿದ್ದೇನೆ. ರಫ್ತಿನ ದಾಖಲೆ ನೋಡಿ ವಾಪಸ್ ಹಾಕುತ್ತೇವೆ ಅಂದಿದ್ದಾರೆ, ಇನ್ನೂ ಬಂದಿಲ್ಲ.

ನಿನ್ನೆ ಸಂಜೆ ಪೆಟ್ಟಿಗೆ ಬಂತು. ಮಗಳು ಒಂದೊಂದೇ ತಂತಿ ತೆಗೆದು ಹಳೆಯದರ ಪಕ್ಕ ಮೇಜಿನ ಮೇಲೆ ಇಟ್ಟು ನೋಡುತ್ತಿದ್ದಳು. ಹಳೆಯ ತಂತಿಯಲ್ಲಿ ಬೆರಳು ಜಾರುವ ಜಾಗದಲ್ಲಿ ಸುತ್ತು ಕಿತ್ತು ಬಂದಿತ್ತು. ಒಂದೇ ಸಲಕ್ಕೆ ನಾಲ್ಕನ್ನೂ ಬಿಚ್ಚಬೇಡ, ತಂತಿಗಳನ್ನು ಎತ್ತಿ ಹಿಡಿಯುವ ಮರದ ಕುದುರೆ ಬಿದ್ದುಹೋಗುತ್ತದೆ ಅಂತ ಮೇಷ್ಟ್ರು ಫೋನಿನಲ್ಲಿ ಹೇಳುತ್ತಿದ್ದರು, ಅವಳು ಮೊದಲನೆಯದನ್ನು ಬಿರಡೆಗೆ ಸುತ್ತುತ್ತಿದ್ದಳು.